ಕಪಾಟಿನಲ್ಲಿರುವ ಆ ವರದಿಯನ್ನು ಕೈಗೆ ತೆಗೆದುಕೊಳ್ಳಿ: ನೇಪಾಳದ ವಿಷಯವಾಗಿ ವಿದೇಶಾಂಗ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಿಗೆ ಗೌರವಪೂರ್ವಕ ವಂದನೆಗಳು.

ನಾನು ಮೂವತ್ತೆರಡು ವರ್ಷ ನೀರಾವರಿ ಎಂಜಿನಿಯರನಾಗಿ ದುಡಿದು, ಈಗ ಬೆಂಗಳೂರಿನಲ್ಲಿ ನಿವೃತ್ತ ಜೀವನ ನಡೆಸುತ್ತಿರುವವನು. ರಾಜತಾಂತ್ರಿಕ ವ್ಯವಹಾರ ನನ್ನ ಕ್ಷೇತ್ರವಲ್ಲ. ಆದರೂ ತಮಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ನೇಪಾಳದ ಜೊತೆಗಿನ ನಮ್ಮ ಸಂಬಂಧದಲ್ಲಿ ವರ್ಷಗಟ್ಟಲೆ ನಿಂತುಹೋಗಿರುವ ಒಂದು ಕೆಲಸ ನಮ್ಮ ಸರ್ಕಾರ ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಮುಂದೆ ಸಾಗಬಲ್ಲದು ಎಂದು ನಾನು ನಂಬಿದ್ದೇನೆ. ಎರಡೂ ದೇಶಗಳ ನಡುವಿನ ಒಪ್ಪಂದಗಳನ್ನು, ಮುಖ್ಯವಾಗಿ 1950ರ ಶಾಂತಿ ಮತ್ತು ಮೈತ್ರಿ ಒಪ್ಪಂದವನ್ನು, ಮರುಪರಿಶೀಲಿಸಲೆಂದು 2016ರಲ್ಲಿ ಎರಡೂ ಸರ್ಕಾರಗಳು ತಲಾ ನಾಲ್ವರನ್ನು ನೇಮಿಸಿ ಗಣ್ಯರ ತಂಡವೊಂದನ್ನು ರಚಿಸಿದವು. ನಮ್ಮ ಕಡೆಯಿಂದ ಭಗತ್ ಸಿಂಗ್ ಕೋಶ್ಯಾರಿ, ನೇಪಾಳದ ಕಡೆಯಿಂದ ಭೇಖ್ ಬಹದ್ದೂರ್ ಥಾಪಾ ಅದರ ಮುಖ್ಯಸ್ಥರಾಗಿದ್ದರು. ಎಂಟೂ ಜನ ಎರಡು ವರ್ಷ ಕುಳಿತು ಚರ್ಚಿಸಿ, 2018ರ ಜೂನ್ ಕೊನೆಯಲ್ಲಿ ಒಮ್ಮತದ ವರದಿಯೊಂದನ್ನು ಸಿದ್ಧಪಡಿಸಿದರು. ಅದನ್ನು ಮೊದಲು ಭಾರತದ ಪ್ರಧಾನಿಗೆ, ಆಮೇಲೆ ನೇಪಾಳದ ಪ್ರಧಾನಿಗೆ ಒಪ್ಪಿಸುವುದೆಂದು ಮಾತಾಗಿತ್ತು. ಆ ವರದಿಯನ್ನು ಪಡೆಯಲು ನಮ್ಮ ಕಡೆಯಿಂದ ದಿನ ಗೊತ್ತಾಗಲೇ ಇಲ್ಲ. ಒಪ್ಪುವುದು, ತಿದ್ದುವುದು, ತಳ್ಳಿಹಾಕುವುದು ಆಮೇಲಿನ ಮಾತು. ನಾವೇ ಬರೆಯಿಸಿದ ವರದಿಯನ್ನು ದಯವಿಟ್ಟು ಸ್ವೀಕರಿಸಿ ಎಂಬುದಷ್ಟೇ ನನ್ನ ಕೋರಿಕೆ.

ನೇಪಾಳದ ವಿಷಯದಲ್ಲಿ ಕನ್ನಡಿಗನೊಬ್ಬನಿಗೆ ಇಷ್ಟು ಕಾಳಜಿ ಏಕೆಂದು ಕೇಳಬಹುದು. ಕಾಠ್ಮಂಡುವಿನ ಪಶುಪತಿನಾಥನಿಗೆ ಪೂಜೆ ಸಲ್ಲಿಸುವ ಮುಖ್ಯ ಭಟ್ಟರು ತಲೆತಲಾಂತರದಿಂದ ನಮ್ಮ ಸೀಮೆಯಿಂದ ಹೋದವರು ಎಂಬುದು ಒಂದು ನಂಟು. ಬೆಂಗಳೂರಿನ ಹೋಟೆಲುಗಳ ಅಡುಗೆಮನೆಗಳಲ್ಲಿ, ಅಪಾರ್ಟ್‌ಮೆಂಟುಗಳ ಗೇಟಿನ ಬಳಿ ದುಡಿಯುವ ನೇಪಾಳಿಗರು ಇನ್ನೊಂದು ನಂಟು. ಆದರೆ ನನ್ನನ್ನು ಈ ವಿಷಯಕ್ಕೆ ಎಳೆದದ್ದು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಓದಬೇಕಾಗಿ ಬಂದ ಒಂದು ಹಳೆಯ ಕಡತ. ಅದರಲ್ಲಿ ನೇಪಾಳದ ಹೆಸರು ಎಲ್ಲೂ ಇಲ್ಲ.

ಅದು ಕಾವೇರಿಯ ಕಡತ. 1892ರಲ್ಲಿ ಮೈಸೂರು ಸಂಸ್ಥಾನ ಮತ್ತು ಮದ್ರಾಸು ಪ್ರಾಂತ್ಯದ ನಡುವೆ ಒಂದು ಒಪ್ಪಂದವಾಯಿತು. ಅನುಸೂಚಿಯಲ್ಲಿದ್ದ ನದಿಗಳ ಮೇಲೆ ಮದ್ರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಕಾಮಗಾರಿ ಕೈಗೊಳ್ಳುವಂತಿರಲಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ತಕರಾರು ಬಂತು. 1914ರಲ್ಲಿ ಪಂಚಾಯ್ತಿಗೆ ಕುಳಿತ ನ್ಯಾಯಮೂರ್ತಿ ಗ್ರಿಫಿನ್ ಅವರ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತಾದರೂ ಮದ್ರಾಸು ಅದನ್ನು ಒಪ್ಪದೆ ಮೇಲ್ಮನವಿ ಹೋಯಿತು. ಕೊನೆಗೆ 1924ರಲ್ಲಿ ಇನ್ನೊಂದು ಒಪ್ಪಂದಕ್ಕೆ ಸಹಿ ಬಿತ್ತು. ಒಂದು ಕಡೆ ಬ್ರಿಟಿಷ್ ಸಾಮ್ರಾಜ್ಯದ ನೇರ ಆಡಳಿತದ ಪ್ರಾಂತ್ಯ, ಇನ್ನೊಂದು ಕಡೆ ಅದೇ ಸಾಮ್ರಾಜ್ಯಕ್ಕೆ ಅಧೀನವಾದ ಸಂಸ್ಥಾನ. ಸಹಿ ಹಾಕಿದವರು ಸಮಾನರಲ್ಲ ಎಂಬ ಮಾತು ನಮ್ಮ ರಾಜ್ಯದಲ್ಲಿ ನೂರು ವರ್ಷಗಳ ನಂತರವೂ ಸತ್ತಿಲ್ಲ. ಸದನದಲ್ಲಿ, ನ್ಯಾಯಮಂಡಳಿಯ ಮುಂದೆ, ಮಂಡ್ಯದ ರಸ್ತೆಯಲ್ಲಿ ಅದು ಎಷ್ಟು ಸಲ ಎದ್ದು ನಿಂತಿದೆ ಎಂಬುದನ್ನು ನನ್ನ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ. ತಮಿಳುನಾಡಿನ ಸಹೋದರರು ಈ ಇತಿಹಾಸವನ್ನು ಬೇರೆ ರೀತಿಯಲ್ಲಿ ಓದುತ್ತಾರೆ, ಅವರಿಗೂ ಅವರ ಕಾರಣಗಳಿವೆ. ಯಾರದು ಸರಿ ಎಂದು ಇಲ್ಲಿ ಹೇಳಹೊರಟಿಲ್ಲ. ದುರ್ಬಲನಾಗಿದ್ದಾಗ ಹಾಕಿದ ಸಹಿ ಮನಸ್ಸಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ಕನ್ನಡಿಗರಿಗೆ ಅನುಭವದಿಂದ ಗೊತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಈಗ 1950ರ ಜುಲೈ 31ರ ಒಪ್ಪಂದವನ್ನು ನೋಡಿ. ನೇಪಾಳದ ಪರವಾಗಿ ಸಹಿ ಹಾಕಿದವರು ಆ ದೇಶದ ಪ್ರಧಾನಿ ಮೋಹನ ಶಮಶೇರ್ ರಾಣಾ. ಭಾರತದ ಪರವಾಗಿ ಸಹಿ ಹಾಕಿದವರು ನಮ್ಮ ಪ್ರಧಾನಿಯೂ ಅಲ್ಲ, ಮಂತ್ರಿಯೂ ಅಲ್ಲ. ಕಾಠ್ಮಂಡುವಿನಲ್ಲಿದ್ದ ನಮ್ಮ ರಾಯಭಾರಿ ಚಂದ್ರೇಶ್ವರ ಪ್ರಸಾದ್ ನಾರಾಯಣ್ ಸಿಂಗ್. ನೇಪಾಳದ ಶಾಲಾ ಮಕ್ಕಳೂ ಈ ಸಂಗತಿ ಹೇಳುತ್ತಾರೆ, ನಮ್ಮಲ್ಲಿ ಓದಿದವರಿಗೂ ಇದು ತಿಳಿದಿರುವುದಿಲ್ಲ. ಸಹಿ ಹಾಕಿದ ರಾಣಾ ಮನೆತನದ ಆಳ್ವಿಕೆ ಒಂದು ವರ್ಷವೂ ಕಳೆಯುವ ಮೊದಲೇ, 1951ರ ಫೆಬ್ರವರಿಯಲ್ಲಿ, ಕೊನೆಗೊಂಡಿತು. ಒಪ್ಪಂದದ ಜೊತೆಗೆ ವಿನಿಮಯವಾದ ಪತ್ರಗಳನ್ನು ಸುಮಾರು ಒಂಬತ್ತು ವರ್ಷ ಗುಟ್ಟಾಗಿ ಇಡಲಾಗಿತ್ತು. ಒಪ್ಪಂದದಿಂದ ನೇಪಾಳಕ್ಕೆ ಲಾಭವಾಗಿಲ್ಲವೆಂದು ಯಾರೂ ಹೇಳಲಾರರು. ಏಳನೆಯ ವಿಧಿಯ ದೆಸೆಯಿಂದಲೇ ನೇಪಾಳಿಗನೊಬ್ಬ ವೀಸಾ ಇಲ್ಲದೆ, ಪರವಾನಗಿ ಇಲ್ಲದೆ ಬೆಂಗಳೂರಿಗೆ ಬಂದು ಕೆಲಸ ಮಾಡಬಹುದು. ಭಾರತೀಯರಿಗೆ ನೇಪಾಳದಲ್ಲಿ ಅಷ್ಟು ಸ್ವಾತಂತ್ರ್ಯವಿಲ್ಲ. ಹಾಗಿದ್ದೂ ಅವರಿಗೆ ಈ ಒಪ್ಪಂದ ಚುಚ್ಚುತ್ತದೆ ಎಂದಾದರೆ, ಅವರ ನೋವು ಲಾಭನಷ್ಟದ ಲೆಕ್ಕದಲ್ಲಿ ಸಿಕ್ಕುವಂಥದ್ದಲ್ಲ ಎಂದು ನಾವು ಅರಿತುಕೊಳ್ಳಬೇಕು.

ಸನ್ಮಾನ್ಯರೇ, 2015ರ ಸೆಪ್ಟೆಂಬರ್ 18ರಂದು ತಾವೇ ವಿದೇಶಾಂಗ ಕಾರ್ಯದರ್ಶಿಯಾಗಿ, ಪ್ರಧಾನಿಯವರ ವಿಶೇಷ ದೂತರಾಗಿ ಕಾಠ್ಮಂಡುವಿಗೆ ಹೋಗಿದ್ದಿರಿ. ಎರಡು ದಿನದ ಬಳಿಕ ನೇಪಾಳ ತನ್ನ ಹೊಸ ಸಂವಿಧಾನವನ್ನು ಜಾರಿಗೆ ತಂದಿತು. ಅದರಲ್ಲಿ ತಮಗೆ ಅನ್ಯಾಯವಾಗಿದೆ ಎಂಬ, ನಮ್ಮ ಗಡಿಗೆ ತಾಗಿದ ತರಾಯಿ ಬಯಲಿನ ಮಧೇಸಿ ಜನರ ದೂರು ಹುಸಿಯಾಗಿರಲಿಲ್ಲ. ಅದಕ್ಕಾಗಿ ಅವರು ನಡೆಸಿದ ಚಳವಳಿಯಲ್ಲಿ ನಲವತ್ತಕ್ಕೂ ಹೆಚ್ಚು ಜೀವಗಳು ಹೋದವು. ಆದರೆ ಆ ತಿಂಗಳ ಕೊನೆಯ ವಾರದಿಂದ ಮರುವರ್ಷದ ಫೆಬ್ರವರಿಯವರೆಗೆ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ನಾವು ದಿಗ್ಬಂಧನ ಹಾಕಿಲ್ಲ, ಗಡಿಯಾಚೆಯ ಗಲಭೆಗೆ ಹೆದರಿ ಚಾಲಕರು ಹೋಗುತ್ತಿಲ್ಲ ಎಂಬುದು ನಮ್ಮ ಸರ್ಕಾರದ ನಿಲುವಾಗಿತ್ತು. ನೇಪಾಳದಲ್ಲಿ ಅದನ್ನು ನಂಬಿದವರು ನನಗೆ ಒಬ್ಬರೂ ಸಿಗಲಿಲ್ಲ.

ಆ ಡಿಸೆಂಬರ್‌ನಲ್ಲಿ ನಾನು ಕಾಠ್ಮಂಡುವಿನಲ್ಲಿದ್ದೆ. ನನ್ನ ತಂಗಿಯ ಮಗಳು ಅಲ್ಲಿ ವೈದ್ಯಕೀಯ ಓದುತ್ತಿದ್ದಳು. ಅವಳನ್ನು ಕೆಲವು ದಿನದ ಮಟ್ಟಿಗೆ ಊರಿಗೆ ಕರೆತರಲು ಹೋಗಿದ್ದೆ. ಅವಳಿದ್ದ ಮನೆಯ ಗೋಡೆಯಲ್ಲಿ ಏಪ್ರಿಲ್ 25ರ ಭೂಕಂಪದ ಬಿರುಕು ಕೈ ಬೆರಳು ತೂರುವಷ್ಟು ಅಗಲವಾಗಿ ಹಾಗೆಯೇ ಇತ್ತು. ಅಡುಗೆ ಅನಿಲ ಸಿಗದೆ ತಿಂಗಳುಗಳಾಗಿದ್ದವು. ಸರ್ಕಾರವೇ ಸೌದೆ ಮಾರುತ್ತಿತ್ತು. ಮನೆಯೊಡತಿ, ನನ್ನ ವಯಸ್ಸಿನವರೇ ಇರಬೇಕು, ತಾರಸಿಯ ಮೇಲೆ ಮೂರು ಇಟ್ಟಿಗೆ ಹೂಡಿ ಒಲೆ ಮಾಡಿಕೊಂಡು ಹಸಿ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನನಗಾಗಿ ಚಹಾ ಕಾಯಿಸಿದರು. ಮೂಲೆಯಲ್ಲಿ ಸೌದೆಯ ರಾಶಿ, ಅದರ ಮೇಲೆ ಮಂಜಿಗೆ ನೆನೆಯದಂತೆ ಒಂದು ಟಾರ್ಪಾಲು. "ದಾಜು, ಇದು ನಿಮ್ಮ ದೇಶದಿಂದ ಬಂದದ್ದು. ಭೂಕಂಪ ಆದಾಗ ಒಂದು ತಿಂಗಳು ಇದರ ಕೆಳಗೇ ಮಲಗಿದೆವು. ಈಗ ಸೌದೆ ಮುಚ್ಚುವುದಕ್ಕೂ ಇದೇ ಆಯಿತು," ಎಂದರು. ದಾಜು ಎಂದರೆ ಅವರ ಮಾತಿನಲ್ಲಿ ಅಣ್ಣ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಏನಾದರೂ ಉತ್ತರ ಹೇಳುತ್ತಿದ್ದೆನೇನೋ. ಲೋಟ ಹಿಡಿದುಕೊಂಡು ಸುಮ್ಮನೆ ಕುಳಿತೆ.

ಭೂಕಂಪವಾದ ಕೆಲವೇ ಗಂಟೆಗಳಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಅಲ್ಲಿಗೆ ಇಳಿದಿದ್ದವು. ಆಮೇಲೆ ಪುನರ್ನಿರ್ಮಾಣಕ್ಕೆ ನೂರು ಕೋಟಿ ಡಾಲರ್ ನೆರವನ್ನು ಭಾರತ ಘೋಷಿಸಿತು. ಸುಮಾರು ಒಂಬತ್ತು ಸಾವಿರ ಜನ ಸತ್ತ ಆ ದುರಂತದಲ್ಲಿ ನಾವು ಗಳಿಸಿದ ಕೃತಜ್ಞತೆ ಐದೇ ತಿಂಗಳಲ್ಲಿ ಕರಗಿಹೋಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ನೇಪಾಳ ತೈಲ ನಿಗಮ ಚೀನಾದ ಕಂಪನಿಯೊಂದಿಗೆ ಇಂಧನ ಖರೀದಿಯ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿತು. 2016ರ ಮಾರ್ಚ್‌ನಲ್ಲಿ ಚೀನಾದೊಂದಿಗೆ ಸರಕು ಸಾಗಣೆಯ ಒಪ್ಪಂದ, 2017ರಲ್ಲಿ ಚೀನಾದ ಬೆಲ್ಟ್ ಅಂಡ್ ರೋಡ್ ಯೋಜನೆಗೆ ಸೇರ್ಪಡೆ. ಹಿಮಾಲಯ ದಾಟಿ ಬರುವ ದಾರಿ ನೇಪಾಳಕ್ಕೆ ಎಷ್ಟು ದುಬಾರಿಯೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಒಂದೇ ಬಾಗಿಲಿರುವ ಮನೆಯಲ್ಲಿ ಇನ್ನು ಇರಲಾರೆವು ಎಂದು ತೀರ್ಮಾನಿಸಿದವರು ದಾರಿಯ ಖರ್ಚನ್ನು ಲೆಕ್ಕ ಹಾಕುವುದಿಲ್ಲ. ಇದು ಮೊದಲ ಸಲವೂ ಅಲ್ಲ. 1989ರ ಮಾರ್ಚ್‌ನಲ್ಲಿ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ನಾವು ಎರಡನ್ನು ಬಿಟ್ಟು ಉಳಿದ ಗಡಿ ದ್ವಾರಗಳನ್ನೆಲ್ಲ ಮುಚ್ಚಿದ್ದೆವು.

ಆರ್ಥಿಕ ಸಂಬಂಧದ ಆಳವನ್ನು ನಾನು ತಮಗೆ ವಿವರಿಸುವ ಅಗತ್ಯವಿಲ್ಲ. ಕನ್ನಡ ಓದುಗರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ನೇಪಾಳದ ಜನಸಂಖ್ಯೆ ಮೂರು ಕೋಟಿಗೆ ಸ್ವಲ್ಪ ಕಡಿಮೆ, ಅಂದರೆ ಕರ್ನಾಟಕದ ಅರ್ಧದಷ್ಟೂ ಇಲ್ಲ. ಅವರ ಸರಕು ವ್ಯಾಪಾರದ ಸುಮಾರು ಮೂರನೇ ಎರಡು ಭಾಗ ನಮ್ಮೊಂದಿಗೆ ನಡೆಯುತ್ತದೆ. ಅವರ ರೂಪಾಯಿಯ ಬೆಲೆಯನ್ನು 1993ರಿಂದ ನಮ್ಮ ರೂಪಾಯಿಗೆ ಕಟ್ಟಿಹಾಕಲಾಗಿದೆ: ನಮ್ಮ ನೂರಕ್ಕೆ ಅವರ ನೂರ ಅರವತ್ತು. ಪೆಟ್ರೋಲು, ಡೀಸೆಲ್ಲು ನಮ್ಮಿಂದಲೇ ಹೋಗಬೇಕು; 2019ರಿಂದ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮಲೇಖಗಂಜಿಗೆ 69 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಡೀಸೆಲ್ ಹರಿಯುತ್ತಿದೆ, ಅದು ಒಳ್ಳೆಯ ಕೆಲಸ. ಸಮುದ್ರವಿಲ್ಲದ ದೇಶವಾದ್ದರಿಂದ ಕೋಲ್ಕತ್ತ, ವಿಶಾಖಪಟ್ಟಣದ ಬಂದರುಗಳಲ್ಲಿ ಅವರ ಸರಕು ಇಳಿಯುತ್ತದೆ. ಇಷ್ಟು ಬಿಗಿಯಾಗಿ ಹೆಣೆದುಕೊಂಡ ಸಂಬಂಧದಲ್ಲಿ ದೆಹಲಿಯ ಸಣ್ಣ ನಿರ್ಧಾರವೂ ಅಲ್ಲಿನ ಬಡವನ ಪೆಟ್ಟಿಗೆಯೊಳಗೆ ಹೋಗಿ ಮುಟ್ಟುತ್ತದೆ.

ಪೆಟ್ಟಿಗೆ ಎಂದಾಗ ನೆನಪಾಯಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೇಪಾಳದ ಅಛಾಮ್ ಜಿಲ್ಲೆಯ ಕಾವಲುಗಾರರೊಬ್ಬರಿದ್ದರು. 2019ರಲ್ಲಿ ದಸರೆಗೆ, ಅವರ ದಶೈಂ ಹಬ್ಬಕ್ಕೆ, ಊರಿಗೆ ಹೊರಟಾಗ ನನ್ನ ಬಳಿ ಬಂದು ಐನೂರರ ನೋಟುಗಳ ಒಂದು ಕಂತೆ ಕೊಟ್ಟು, "ಸರ್, ಬ್ಯಾಂಕಿನಲ್ಲಿ ಇದಕ್ಕೆ ನೂರರ ನೋಟು ಕೊಡಿಸಿ," ಎಂದರು. ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ಅದರ ಹಿಂದಿನ ವರ್ಷದ ಡಿಸೆಂಬರ್‌ನಲ್ಲಿ ನೇಪಾಳ ನಿಷೇಧಿಸಿತ್ತು. ನಮ್ಮ ನೋಟು ನಮ್ಮ ನೆರೆಯಲ್ಲೇ ಏಕೆ ಬೇಡವಾಯಿತು ಎಂದು ಕೇಳಿದೆ. 2016ರ ನವೆಂಬರ್ 8ರಂದು ರದ್ದಾದ ಸಾವಿರದ ನೋಟುಗಳು ಅವರ ತಾಯಿಯ ತಗಡಿನ ಪೆಟ್ಟಿಗೆಯಲ್ಲಿ ಇನ್ನೂ ಇವೆಯಂತೆ. ಮಗ ಬೆಂಗಳೂರಿನಿಂದ ತಂದುಕೊಟ್ಟದ್ದನ್ನು ಆಕೆ ಕಷ್ಟಕಾಲಕ್ಕೆಂದು ಬಚ್ಚಿಟ್ಟಿದ್ದರು. ಅದು ಕಾನೂನುಬಾಹಿರ ಹಣವಲ್ಲ. ಐನೂರು, ಸಾವಿರದ ನೋಟುಗಳಲ್ಲಿ ಇಪ್ಪತ್ತೈದು ಸಾವಿರ ರೂಪಾಯಿಯವರೆಗೆ ನೇಪಾಳಕ್ಕೆ ಒಯ್ಯಲು ನಾವೇ ಅನುಮತಿ ಕೊಟ್ಟಿದ್ದೆವು. ಬದಲಾಯಿಸಿಕೊಡಿ ಎಂದು ಅವರ ಕೇಂದ್ರ ಬ್ಯಾಂಕಾದ ನೇಪಾಳ ರಾಷ್ಟ್ರ ಬ್ಯಾಂಕ್ ಮತ್ತೆ ಮತ್ತೆ ಕೇಳಿಕೊಂಡರೂ ಅದಕ್ಕೊಂದು ದಾರಿ ಆಗಲಿಲ್ಲ. ನಮ್ಮ ಬೊಕ್ಕಸಕ್ಕೆ ಅದೆಷ್ಟರ ಮೊತ್ತ? ಆ ಅಮ್ಮನಿಗೆ ಅದೆಷ್ಟು ವರ್ಷದ ಉಳಿತಾಯ?

ವಿದ್ಯುತ್ತಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಸಂತೋಷವೂ ಇದೆ, ಆತಂಕವೂ ಇದೆ. ದಿನಕ್ಕೆ ಹದಿನಾರು, ಹದಿನೆಂಟು ಗಂಟೆ ಕರೆಂಟಿಲ್ಲದೆ ಬದುಕಿದ ದೇಶ ಅದು. ಇಂದು ಮಳೆಗಾಲದಲ್ಲಿ ಅವರ ಬಳಿ ಮಿಗುವಷ್ಟು ವಿದ್ಯುತ್ತಿದೆ. 2021ರಲ್ಲಿ ಕೇವಲ 39 ಮೆಗಾವಾಟ್‌ನಿಂದ ಶುರುವಾದ ಖರೀದಿ ಬೆಳೆಯುತ್ತ ಬಂದು, 2024ರ ಜನವರಿಯಲ್ಲಿ ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್ ಕೊಳ್ಳುವ ಒಪ್ಪಂದವಾಯಿತು. ಅದಕ್ಕಾಗಿ ತಾವೇ ಕಾಠ್ಮಂಡುವಿಗೆ ಹೋಗಿದ್ದಿರಿ. ಅದೇ ವರ್ಷದ ನವೆಂಬರ್‌ನಲ್ಲಿ ನಮ್ಮ ತಂತಿಗಳ ಮೂಲಕವೇ ನೇಪಾಳದ 40 ಮೆಗಾವಾಟ್ ಬಾಂಗ್ಲಾದೇಶಕ್ಕೆ ಹರಿಯಿತು. ಇವು ನಾಡಿಗೆ ನಾಡು ಕೈಹಿಡಿಯುವ ಕೆಲಸಗಳು. ಆದರೆ ಚೀನೀ ಬಂಡವಾಳವಾಗಲಿ ಚೀನೀ ಗುತ್ತಿಗೆದಾರರಾಗಲಿ ಇರುವ ಸ್ಥಾವರದ ವಿದ್ಯುತ್ತನ್ನು ಕೊಳ್ಳುವುದಿಲ್ಲ ಎಂಬ ನಮ್ಮ ಧೋರಣೆಯಿಂದಾಗಿ 456 ಮೆಗಾವಾಟ್‌ನ ಅಪ್ಪರ್ ತಾಮಾಕೋಶಿಯಂಥ ಯೋಜನೆ ಸಿಕ್ಕಿಹಾಕಿಕೊಂಡಿತು. ಆ ಯೋಜನೆಗೆ ಹಣ ಬಂದದ್ದು ಚೀನಾದಿಂದಲ್ಲ. ನೇಪಾಳದ ನೌಕರರ ಭವಿಷ್ಯ ನಿಧಿಯಂಥ ಸ್ವದೇಶಿ ಸಂಸ್ಥೆಗಳಿಂದ. ಕಟ್ಟಡದ ಕಾಮಗಾರಿಯನ್ನು ಮಾತ್ರ ಚೀನೀ ಕಂಪನಿ ಮಾಡಿತ್ತು. ಚೀನಾ ಬಂಡವಾಳದ ಬಗ್ಗೆ ನಮಗಿರುವ ಎಚ್ಚರಿಕೆ ನನಗೆ ಅರ್ಥವಾಗುತ್ತದೆ. ಟೆಂಡರಿನಲ್ಲಿ ಕಡಿಮೆ ದರ ಹಾಕಿದವನಿಗೆ ಸುರಂಗ ಕೊರೆಯುವ ಕೆಲಸ ಕೊಟ್ಟದ್ದೂ ತಪ್ಪಾದರೆ, ಎಂಜಿನಿಯರನಾಗಿ ಹೇಳುತ್ತೇನೆ, ಆ ದೇಶ ಅಣೆಕಟ್ಟು ಕಟ್ಟುವುದಾದರೂ ಹೇಗೆ? ಬಂಡವಾಳ ಯಾರದೆಂಬುದಕ್ಕೂ ಕೂಲಿ ಯಾರದೆಂಬುದಕ್ಕೂ ನಮ್ಮ ನಿಯಮ ವ್ಯತ್ಯಾಸ ಮಾಡಬೇಕು.

ನೀರಿನ ಒಪ್ಪಂದಗಳ ಬಗ್ಗೆ ಹೇಳದೆ ನನ್ನಂಥವನಿಗೆ ಸಮಾಧಾನವಾಗದು. ನೇಪಾಳದಿಂದ ಬಿಹಾರಕ್ಕೆ ಹರಿಯುವ ಕೋಶಿ ನದಿಯ ಬ್ಯಾರೇಜಿನ ಮೇಲೆ ನಾನು ಒಮ್ಮೆ ಈ ತುದಿಯಿಂದ ಆ ತುದಿಗೆ ನಡೆದಿದ್ದೇನೆ. ಐವತ್ತಾರು ಗೇಟುಗಳು, ಕೆಳಗೆ ನೀರಿಗಿಂತ ಹೂಳೇ ಹೆಚ್ಚು ಎನಿಸುವ ಬೂದು ಬಣ್ಣದ ನದಿ. ಬ್ಯಾರೇಜು ನಿಂತಿರುವ ನೆಲ ನೇಪಾಳದ್ದು, ನಡೆಸುವವರು ನಮ್ಮವರು. 1954ರ ಒಪ್ಪಂದ, 1966ರ ತಿದ್ದುಪಡಿಯಲ್ಲಿ 199 ವರ್ಷದ ಗುತ್ತಿಗೆ. ಏರಿಗಳ ನಿರ್ವಹಣೆಯ ಹೊಣೆ ಭಾರತದ್ದು. 2008ರ ಆಗಸ್ಟ್ 18ರಂದು ಕುಸಹಾದಲ್ಲಿ ಏರಿ ಒಡೆದಾಗ ನದಿಯಲ್ಲಿದ್ದ ನೀರು ವಿನ್ಯಾಸದ ಮಿತಿಯ ಕಾಲುಭಾಗವೂ ಇರಲಿಲ್ಲ. ಅಂದರೆ ಅದು ಪ್ರವಾಹದ ಅತಿರೇಕವಲ್ಲ, ಏರಿ ಕಾಯಬೇಕಾದವರ ನಡುವೆ ಮಾತು ಕೂಡದೆ ಆದ ಅನಾಹುತ. ನೇಪಾಳದಲ್ಲಿ ಸುಮಾರು ಅರ್ಧ ಲಕ್ಷ ಜನ, ಬಿಹಾರದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಸಂತ್ರಸ್ತರಾದರು. ದೊಡ್ಡ ಪೆಟ್ಟು ಬಿದ್ದದ್ದು ನಮಗೇ. ಒಪ್ಪಂದ ಯಾರ ಪರವಾಗಿದೆ ಎಂಬುದನ್ನು ನದಿ ನೋಡಲಿಲ್ಲ. 1996ರ ಮಹಾಕಾಳಿ ಒಪ್ಪಂದದಲ್ಲಿದ್ದ ಪಂಚೇಶ್ವರ ಅಣೆಕಟ್ಟು ಇಂದಿಗೂ ಕಾಗದದ ಮೇಲೆಯೇ ಇದೆ. ಪರಸ್ಪರ ನಂಬಿಕೆ ಇಲ್ಲದಿದ್ದರೆ ಎಂಥ ಒಳ್ಳೆಯ ನಕ್ಷೆಯೂ ಕಾಂಕ್ರೀಟು ಆಗುವುದಿಲ್ಲ.

ಲಿಪುಲೇಖ್, ಕಾಲಾಪಾನಿಯ ಗಡಿ ವಿವಾದದ ಬಗ್ಗೆ ನಾನು ಇಲ್ಲಿ ವಾದಿಸುವುದಿಲ್ಲ. 1816ರ ಸುಗೌಲಿ ಒಪ್ಪಂದ ಗಡಿಯೆಂದು ಹೇಳುವ ಕಾಳಿ ನದಿಯ ಉಗಮ ಯಾವುದೆಂಬುದನ್ನು ಎರಡೂ ಕಡೆಯ ಸರ್ವೇ ತಜ್ಞರು ಕುಳಿತು ನೋಡಬೇಕು. 2020ರಲ್ಲಿ ನೇಪಾಳ ತನ್ನ ಸಂಸತ್ತಿನಲ್ಲಿ ಹೊಸ ನಕ್ಷೆಯನ್ನು ಅಂಗೀಕರಿಸಿದ್ದು ಮಾತುಕತೆಯನ್ನು ಕಠಿಣವಾಗಿಸಿತು ಎಂಬುದೂ ನಿಜ. ಗೂರ್ಖಾ ಸೈನಿಕರ ವಿಷಯ ಮಾತ್ರ ಮನಸ್ಸನ್ನು ಬಹಳ ಕಲಕುತ್ತದೆ. ಭಾರತ, ನೇಪಾಳ, ಬ್ರಿಟನ್ ನಡುವಿನ 1947ರ ತ್ರಿಪಕ್ಷೀಯ ಒಪ್ಪಂದದಂತೆ ನೇಪಾಳದ ಯುವಕರು ನಮ್ಮ ಸೇನೆಗೆ ಸೇರುತ್ತಿದ್ದರು, ನಮಗಾಗಿ ಪ್ರಾಣ ಕೊಟ್ಟರು. ಅವರ ಪಿಂಚಣಿ ಪೋಖರಾ, ಧರಾನ್‌ಗಳಲ್ಲಿ ಇಂದಿಗೂ ಬಟವಾಡೆಯಾಗುತ್ತದೆ. 2022ರಲ್ಲಿ ನಾಲ್ಕು ವರ್ಷದ ಅಗ್ನಿಪಥ ಯೋಜನೆ ಬಂದಾಗ ಇದು ಹಳೆಯ ಒಪ್ಪಂದಕ್ಕೆ ಹೊಂದುವುದಿಲ್ಲ, ತಮ್ಮನ್ನು ಕೇಳಲಿಲ್ಲ ಎಂದು ನೇಪಾಳ ನೇಮಕಾತಿಯನ್ನು ತಡೆಯಿತು. ಇನ್ನೂರು ವರ್ಷದ ನಂಟಿಗೆ ತಡೆ ಬಿದ್ದದ್ದು ಮೊದಲೇ ಕೂತು ಮಾತಾಡದ್ದರಿಂದ.

ನೇಪಾಳದ ತಪ್ಪುಗಳನ್ನು ಮುಚ್ಚಿಡುವುದು ನನ್ನ ಉದ್ದೇಶವಲ್ಲ. ಚುನಾವಣೆ ಬಂದಾಗ ಭಾರತವನ್ನು ಬೈದು ಮತ ಕೇಳುವ ನಾಯಕರು ಅಲ್ಲಿದ್ದಾರೆ. 1999ರ ಡಿಸೆಂಬರ್ 24ರಂದು ಕಾಠ್ಮಂಡುವಿನಿಂದ ಹೊರಟ ನಮ್ಮ ವಿಮಾನ ಅಪಹರಣವಾದದ್ದನ್ನು ಯಾರೂ ಮರೆಯಲಾರರು. ಸುಮಾರು 1,750 ಕಿಲೋಮೀಟರ್‌ನ ತೆರೆದ ಗಡಿಯಲ್ಲಿ ನಮ್ಮ ಭದ್ರತೆಯ ಚಿಂತೆ ನ್ಯಾಯವಾದದ್ದೇ. 1950ರ ಒಪ್ಪಂದವನ್ನು ಒಂದು ವರ್ಷದ ಸೂಚನೆ ಕೊಟ್ಟು ಕೊನೆಗೊಳಿಸುವ ಅವಕಾಶ ಹತ್ತನೆಯ ವಿಧಿಯಲ್ಲೇ ಇದೆ. ಅದನ್ನು ನೇಪಾಳವೂ ಬಳಸಿಲ್ಲ, ಏಕೆಂದರೆ ಅದರ ಸೌಲಭ್ಯಗಳನ್ನು ಕಳೆದುಕೊಳ್ಳಲು ಅವರೂ ಸಿದ್ಧರಿಲ್ಲ. ಹಾಗಾದರೆ ನಿಮಗೆ ಬೇಕಾದದ್ದೇನು ಎಂದು ಅವರನ್ನು ಕೇಳುವ ಹಕ್ಕು ನಮಗಿದೆ. ಆದರೆ ಅವರು ಅದನ್ನು ನಮ್ಮ ನಾಲ್ವರ ಜೊತೆ ಕುಳಿತು ಬರೆದುಕೊಟ್ಟಾಗಿದೆ. ಓದದೆ ಕೇಳುವುದು ಹೇಗೆ?

ವರದಿಯನ್ನು ಸ್ವೀಕರಿಸಿದರೆ ಅದನ್ನು ಒಪ್ಪಿಕೊಂಡಂತಾಗುತ್ತದೆ, ಗಡಿ ನಿಯಂತ್ರಣದಂಥ ವಿಷಯಗಳಲ್ಲಿ ನಮ್ಮ ಕೈ ಕಟ್ಟಿಹಾಕುತ್ತದೆ ಎಂಬ ಅಳುಕು ಇರಬಹುದು. ಸರ್ಕಾರಿ ಸೇವೆಯಲ್ಲಿದ್ದವನಾಗಿ ಹೇಳಬಲ್ಲೆ, ನೂರಾರು ಸಮಿತಿ ವರದಿಗಳನ್ನು ಸರ್ಕಾರಗಳು ಪಡೆದುಕೊಂಡು, ಇಷ್ಟು ಒಪ್ಪಿದೆ, ಇಷ್ಟು ಒಪ್ಪಿಲ್ಲ ಎಂದು ಟಿಪ್ಪಣಿ ಬರೆದಿವೆ. ಅದರಿಂದ ಯಾವ ಸರ್ಕಾರದ ಗೌರವವೂ ಕಡಿಮೆಯಾಗಿಲ್ಲ. ಪಡೆಯದೆ ಬಾಗಿಲಲ್ಲಿ ನಿಲ್ಲಿಸಿದರೆ ಮಾತ್ರ ಬಂದವನಿಗೆ ಅವಮಾನ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಗಣ್ಯರ ತಂಡದ ವರದಿಯನ್ನು ಸ್ವೀಕರಿಸಲು ದಿನವನ್ನು ಗೊತ್ತುಮಾಡಿ, ಅದನ್ನು ಎರಡೂ ದೇಶಗಳ ಸಂಸತ್ತುಗಳ ಮುಂದಿಡುವ ಏರ್ಪಾಡಾಗಲಿ. ಆನಂತರ ವಿದೇಶಾಂಗ ಕಾರ್ಯದರ್ಶಿಗಳ ಮಟ್ಟದಲ್ಲಿ 1950ರ ಒಪ್ಪಂದದ ಮಾತುಕತೆ ಆರಂಭವಾಗಲಿ. ನಮ್ಮ ಭದ್ರತೆಯ ಬೇಡಿಕೆಗಳನ್ನು ನಾವೂ ಮುಚ್ಚುಮರೆಯಿಲ್ಲದೆ ಅಲ್ಲಿ ಇಡೋಣ. 2023ರ ಜೂನ್‌ನಲ್ಲಿ ನವೀಕರಣಗೊಂಡ ಸಾಗಣೆ ಒಪ್ಪಂದಕ್ಕೆ ಒಂದು ಮಾತನ್ನು ಸೇರಿಸೋಣ: ಎರಡೂ ಸರ್ಕಾರಗಳ ನಡುವೆ ಎಂಥ ಮನಸ್ತಾಪ ಬಂದರೂ ಔಷಧ, ಅಡುಗೆ ಅನಿಲ, ಇಂಧನ ಮತ್ತು ಆಹಾರದ ಲಾರಿಗಳು ಗಡಿಯಲ್ಲಿ ನಿಲ್ಲುವುದಿಲ್ಲ ಎಂದು.

ವರದಿಯನ್ನು ಬರೆದವರು ಹಿರಿಯರು. ಭೇಖ್ ಬಹದ್ದೂರ್ ಥಾಪಾ ಅವರಿಗಂತೂ ಬಹಳ ವಯಸ್ಸಾಗಿದೆ. ಅವರೂ ಕೋಶ್ಯಾರಿಯವರೂ ಒಟ್ಟಿಗೆ ಬಂದು ತಮ್ಮ ಕೈಯಾರೆ ಅದನ್ನು ಒಪ್ಪಿಸುವಂತಾಗಬೇಕು ಎಂಬುದು ನನ್ನ ಆಸೆ. ಈ ಪತ್ರದ ಪ್ರತಿಯನ್ನು ನಮ್ಮ ಕ್ಷೇತ್ರದ ಸಂಸದರಿಗೂ ಕಳುಹಿಸಿದ್ದೇನೆ. ಮುಂದಿನ ಅಧಿವೇಶನದಲ್ಲಿ ಈ ಕುರಿತು ತಮ್ಮನ್ನು ಪ್ರಶ್ನಿಸಬೇಕೆಂದು ಅವರಲ್ಲಿ ಕೇಳಿಕೊಂಡಿದ್ದೇನೆ. ತಮ್ಮ ಉತ್ತರವನ್ನು ಎದುರು ನೋಡುತ್ತಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಿವೃತ್ತ ನೀರಾವರಿ ಎಂಜಿನಿಯರ್